ಪ್ಲಾಟ್‌ಫಾರ್ಮ್ ಅಕ್ಕ

ಪುಟ್ಟಿಯ ಅತ್ತೆ, ಅಂದರೆ ಅವಳ ಅಪ್ಪನ ಅಕ್ಕ, ಊರಿನ ದೊಡ್ಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಕೆಲಸ ಮಾಡಿದವಳು. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ, ಯಾರ ಮಗು ತಪ್ಪಿಸಿಕೊಂಡು ವಿಚಾರಣೆಯ ಕೌಂಟರಿನಲ್ಲಿ ಅಳುತ್ತಿದೆ, ಎಲ್ಲವನ್ನೂ ಅವಳೇ ಕೂಗಿ ಹೇಳಬೇಕಿತ್ತು. ಆಮೇಲೆ ಯಂತ್ರ ಬಂತು. ಅತ್ತೆಯ ದನಿಯನ್ನೇ ತುಂಡು ತುಂಡಾಗಿ ಮುದ್ರಿಸಿಕೊಂಡು, ಬೇಕಾದಾಗ ಬೇಕಾದ ತುಂಡುಗಳನ್ನು ಜೋಡಿಸಿ ಹೇಳುವ ಯಂತ್ರ. ಅವಳು ನಿವೃತ್ತಳಾದ ಮೇಲೂ ನಿಲ್ದಾಣದಲ್ಲಿ ಅವಳ ದನಿ ಕೇಳುತ್ತಲೇ ಇತ್ತು. ಕೆಲವು ವರ್ಷಗಳ ನಂತರ ಆ ಯಂತ್ರವನ್ನೂ ಕಿತ್ತು ಹೊಸದನ್ನು ಹಾಕಿದರು.

ಮನೆಯಲ್ಲೂ ಅವಳದೇ ಮೈಕು. ಪುಟ್ಟಿಯ ಅಮ್ಮ ಬೇಗ ತೀರಿಕೊಂಡಿದ್ದರಿಂದ ಮನೆ ನಡೆಸಿದವಳು ಅತ್ತೆಯೇ. ಅಡುಗೆಮನೆಯಲ್ಲಿ ನಿಂತು ಒಂದು ಸಲ ಗದರಿದರೆ ಮಹಡಿಯ ಮೇಲೆ ಪೇಪರು ಓದುತ್ತಿದ್ದ ತಮ್ಮ ಕಾಲು ಕೆಳಗಿಳಿಸಿ ನೆಟ್ಟಗೆ ಕೂರುತ್ತಿದ್ದ. ಬೈಗುಳದಲ್ಲೂ ಅವಳ ಉಚ್ಚಾರ ಸ್ವಚ್ಛ, ಒಂದಕ್ಷರ ಜಾರುತ್ತಿರಲಿಲ್ಲ.

ಕಳೆದ ವರ್ಷ ಅವಳ ಗಂಟಲಿನಲ್ಲಿ ಗೆಡ್ಡೆ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಹೋಯಿತು. ಬರೆದದ್ದನ್ನು ಓದಿ ಹೇಳುವ ಸೌಲಭ್ಯವನ್ನು ಪುಟ್ಟಿ ಅವಳ ಫೋನಿಗೆ ಹಾಕಿಕೊಟ್ಟಳು. ಫೋನಿನೊಳಗಿನ ಹೆಂಗಸು ಎಲ್ಲವನ್ನೂ ಶಾಲೆಯ ಹಾಜರಿ ಕೂಗಿದಂತೆ ಹೇಳುತ್ತಿದ್ದಳು. ಅತ್ತೆ ಎರಡು ದಿನ ಪ್ರಯತ್ನಿಸಿ, ಫೋನನ್ನು ಪುಟ್ಟಿಯ ಕೈಗೆ ವಾಪಸು ಕೊಟ್ಟಳು. ಕತ್ತಿಗೆ ನೇತುಹಾಕಿಕೊಂಡಿದ್ದ ಸಣ್ಣ ಬಿಳಿಹಲಗೆಯ ಮೇಲೆ ಬರೆದಳು: "ಇವಳು ನಮ್ಮನೆಯವಳಲ್ಲ." ಅಂದಿನಿಂದ ಬೇಕಾದ್ದನ್ನು ಹಲಗೆಯ ಮೇಲೆ ಬರೆದು ತೋರಿಸುವುದಷ್ಟೇ. ಬೈಗುಳವನ್ನು ಬರೆದು ತೋರಿಸಿದರೆ ಏನು ಸುಖ? ಬರೆದು ಮುಗಿಸುವಷ್ಟರಲ್ಲಿ ಬೈಸಿಕೊಳ್ಳಬೇಕಾದವನು ಜಾಗ ಖಾಲಿ ಮಾಡಿರುತ್ತಿದ್ದ. ಮನೆ ತಣ್ಣಗಾಯಿತು.

ಪುಟ್ಟಿ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದಲ್ಲಿದ್ದಳು. ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಫೋನು ಹಿಡಿದು, ಅತ್ತೆಗೆ ಒಗ್ಗುವ ದನಿ ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿದ್ದಳು. ಹಾಗೆ ಹುಡುಕುತ್ತಾ ಒಂದು ದಿನ 'ಸದ್ದಿನ ಕಟ್ಟೆ'ಗೆ ಬಂದು ಬಿದ್ದಳು.

ಅದೊಂದು ಆನ್‌ಲೈನ್ ಹರಟೆಯ ಜಾಗ. ಹಳೆಯ ಧ್ವನಿವರ್ಧಕ, ಮಾತಾಡುವ ಗಡಿಯಾರ, ಲಿಫ್ಟಿನ ದನಿ ಇಂಥವುಗಳ ಹುಚ್ಚು ಹಿಡಿದವರೆಲ್ಲ ಅಲ್ಲಿ ಸೇರುತ್ತಿದ್ದರು. ಮನೆಯಲ್ಲಿ ಬಾಯಿ ತೆಗೆದರೆ ಹೆಂಡತಿ ಮಕ್ಕಳು ಎದ್ದುಹೋಗುವಂಥ ವಿಷಯಗಳನ್ನು ಇಲ್ಲಿ ಹೇಳಿಕೊಂಡು ಹಗುರಾಗುತ್ತಿದ್ದರು. ಒಬ್ಬ ಬೇರೆ ಬೇರೆ ಕಟ್ಟಡಗಳ ಲಿಫ್ಟಿನ ಬಾಗಿಲು ಮುಚ್ಚುವ ಸದ್ದುಗಳನ್ನಷ್ಟೇ ಸಂಗ್ರಹಿಸಿಟ್ಟ ಪುಟದ ಕೊಂಡಿ ಹಾಕಿದರೆ, ಅದರ ಕೆಳಗೆ ಇನ್ನೊಬ್ಬ ಅದರಲ್ಲಿ ಮೂರನೆಯದು ಲಿಫ್ಟೇ ಅಲ್ಲ, ಫ್ರಿಜ್ಜು ಎಂದು ತಗಾದೆ ತೆಗೆಯುತ್ತಿದ್ದ. ಕಟ್ಟೆಯನ್ನು ನೋಡಿಕೊಳ್ಳುತ್ತಿದ್ದವರು ತಮಗೆ ಇಟ್ಟುಕೊಂಡ ಹೆಸರು 'ಸದ್ದುಮಾಡಬೇಡಿ'. ಅವರ ಮಾತನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

'ಪ್ಲಾಟ್‌ಫಾರ್ಮ್ ಅಕ್ಕ ಮನುಷ್ಯಳೋ ಯಂತ್ರವೋ' ಎಂಬ ಚರ್ಚೆಯೊಂದು ವರ್ಷಗಳಿಂದ ನಡೆಯುತ್ತಿತ್ತು. 'ತಾಮ್ರತಂತಿ' ಎಂಬ ಸದಸ್ಯೆ ಅದರಲ್ಲಿ ಒಂದು ಕೊಂಡಿ ಹಾಕಿದ್ದಳು. ಪುಟ್ಟಿ ಸುಮ್ಮನೆ ಒತ್ತಿದಳು. ಖಾಲಿ ಪುಟ, ಒಂದೇ ಗುಂಡಿ. ಅದನ್ನೂ ಒತ್ತಿದಳು.

"ಪ್ರಯಾಣಿಕರ ಗಮನಕ್ಕೆ," ಎಂದಳು ಅತ್ತೆ.

ಪುಟ್ಟಿ ಚಮಚ ಕೆಳಗಿಟ್ಟಳು. ಇನ್ನೊಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು. ಅನ್ನ ಆರಿಹೋಯಿತು. ಆಮೇಲೆ ಆ ಚರ್ಚೆಯನ್ನು ಮೊದಲಿಂದ ಓದತೊಡಗಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. 'ಮೂರನೇ ಕಿವಿ' ಎಂಬಾತ ಅದು ಯಂತ್ರವೇ ಸರಿ ಎಂದು ಪಟ್ಟು ಹಿಡಿದಿದ್ದ. ಹೆತ್ತ ತಾಯಿಯ ಹೊಟ್ಟೆಯಿಂದ ಬಂದವರು ಯಾರೂ 'ತಡವಾಗಿ' ಎನ್ನುವ ಮಾತನ್ನು ಇಷ್ಟು ಸಮಾಧಾನದಿಂದ ಹೇಳಲಾರರು ಎಂಬುದು ಅವನ ವಾದ. ತಾಮ್ರತಂತಿ ಒಪ್ಪಿರಲಿಲ್ಲ. ಈ ಹೆಂಗಸಿಗೆ ಸಿಟ್ಟು ಬಂದಿದೆ, ಅದನ್ನು ಹಲ್ಲು ಕಚ್ಚಿ ತಡೆದಿದ್ದಾಳೆ, ಅದು ನನಗೆ ಕೇಳಿಸುತ್ತದೆ ಎಂದು ಬರೆದಿದ್ದಳು.

ಪುಟ್ಟಿ ಸದಸ್ಯಳಾಗಿ ಸೇರಿ, "ಅದು ನಮ್ಮತ್ತೆ," ಎಂದು ಬರೆದಳು.

ಯಾರೂ ನಂಬಲಿಲ್ಲ. ಪ್ಲಾಟ್‌ಫಾರ್ಮ್ ಅಕ್ಕ ತಮ್ಮ ಚಿಕ್ಕಮ್ಮ, ತಮ್ಮ ಟೀಚರು, ತಮ್ಮ ಹಳೆಯ ಮನೆಯೊಡತಿ ಎಂದು ಹೇಳಿಕೊಂಡು ಆಗಾಗ ಯಾರಾದರೂ ಬಂದೇ ಬರುತ್ತಿದ್ದರಂತೆ. ಕೊನೆಗೆ ಸದ್ದುಮಾಡಬೇಡಿಯವರು ಒಂದು ದಾರಿ ಹೇಳಿದರು. ಮುದ್ರಿಸಿದ ತುಂಡುಗಳಲ್ಲಿ ಒಂದರಲ್ಲಿ ಮಾತಲ್ಲದ ಒಂದು ಸಣ್ಣ ಸದ್ದಿದೆ. ಅದು ತಮಗೂ ತಾಮ್ರತಂತಿಗೂ ಮಾತ್ರ ಗೊತ್ತು, ಕಟ್ಟೆಯಲ್ಲಿ ಯಾರೂ ಅದರ ಬಗ್ಗೆ ಬರೆದಿಲ್ಲ. ಅದೇನೆಂದು ಅತ್ತೆಯನ್ನೇ ಕೇಳಿ ಬನ್ನಿ ಎಂದರು.

ಸಂಜೆ ಪುಟ್ಟಿ ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ನುಗ್ಗಿದಳು. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅತ್ತೆ, ಒಂದ್ನಿಮಿಷ ಇದನ್ನ ಕೇಳು," ಎಂದು ಪುಟ್ಟಿ ಫೋನನ್ನು ಅವಳ ಮುಂದಿಟ್ಟಳು.

ಅತ್ತೆ ಕೇಳಿದಳು. ಬೆಳ್ಳುಳ್ಳಿ ಹಿಡಿದಿದ್ದ ಕೈ ಗಂಟಲಿನ ಹತ್ತಿರ ಹೋಗಿ ಅಲ್ಲೇ ನಿಂತಿತು. ಎಲ್ಲಿ ಅಳುತ್ತಾಳೋ ಎಂದು ಪುಟ್ಟಿ ಫೋನನ್ನು ಹಿಂದಕ್ಕೆಳೆದುಕೊಳ್ಳಲು ಹೋದಳು. ಅತ್ತೆ ಅಳಲಿಲ್ಲ. ತಲೆಯನ್ನು ಒಂದು ಕಡೆ ವಾಲಿಸಿ ಪೂರ್ತಿ ಕೇಳಿ, ಹಲಗೆಯ ಮೇಲೆ ಬರೆದಳು: "ಪರವಾಗಿಲ್ಲ, ಚೆನ್ನಾಗೇ ಹೇಳಿದ್ದೀನಿ."

ಪುಟ್ಟಿ ಆ ಸಣ್ಣ ಸದ್ದಿನ ವಿಷಯ ಕೇಳಿದಾಗ ಅತ್ತೆಯ ಭುಜ ಕುಣಿಯತೊಡಗಿತು. ದನಿಯಿಲ್ಲದ ನಗು. ಮುದ್ರಣದ ದಿನ ಗಂಟಲು ಕೆರೆಯುತ್ತಿತ್ತು, ಕದ್ದು ಬಾಯಲ್ಲಿ ಪೆಪ್ಪರಮೆಂಟು ಇಟ್ಟುಕೊಂಡಿದ್ದೆ, 'ಹದಿನೇಳು' ಅನ್ನುವಾಗ ಅದು ಹಲ್ಲಿಗೆ ತಾಗಿ ಟಿಕ್ ಅಂತು, ಇನ್ನೊಂದು ಸಲ ಹೇಳುತ್ತೇನೆಂದರೆ ಎಂಜಿನಿಯರು ಕೇಳಲಿಲ್ಲ ಎಂದು ಹಲಗೆಯನ್ನು ಒರೆಸಿ ಒರೆಸಿ ಬರೆದಳು.

ಪುಟ್ಟಿ ಅದನ್ನು ಹಾಗೇ ಕಟ್ಟೆಗೆ ಹಾಕಿದಳು. ಎಲ್ಲರೂ ಹೋಗಿ ಆ ಗುಂಡಿ ಒತ್ತಿ 'ಹದಿನೇಳು' ಕೇಳಿಬಂದರು ಅನ್ನಿಸುತ್ತದೆ. ಮೊದಲು ಬರೆದವನು ಮೂರನೇ ಕಿವಿ: "ಯಂತ್ರ ಪೆಪ್ಪರಮೆಂಟು ತಿನ್ನಲ್ಲ. ನಾನು ಸೋತೆ. ಅಕ್ಕನಿಗೆ ನಮಸ್ಕಾರ ಹೇಳಿ." ಆಮೇಲೆ ಕಟ್ಟೆಯಲ್ಲಿ ಹಬ್ಬವೋ ಹಬ್ಬ. ಅವಳ ದನಿ ಕೇಳಿ ಬಸ್ಸು ಹಿಡಿದವರು, ಬಸ್ಸು ತಪ್ಪಿಸಿಕೊಂಡವರು, ಅವಳ ದನಿಗೋಸ್ಕರವೇ ನಿಲ್ದಾಣದಲ್ಲಿ ಕೂತು ಹೋಗುತ್ತಿದ್ದವರು, ಎಲ್ಲರೂ ಬಂದು ಬರೆದರು. ಅಕ್ಕ ಈಗ ಒಂದೇ ಒಂದು ಮಾತಾಡಿ ಕಳಿಸಬಹುದೇ ಎಂದು ತಾಮ್ರತಂತಿ ಕೇಳಿದಳು.

ಪುಟ್ಟಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು.

ಮಾರನೆಯ ದಿನ ತಾಮ್ರತಂತಿಯ ಉತ್ತರ ಬಂತು. ಹಳೆಯ ಯಂತ್ರ ಗುಜರಿಗೆ ಹೋಗುವ ಮುಂಚೆ ಅದರೊಳಗಿದ್ದ ಅಷ್ಟೂ ಮುದ್ರಣವನ್ನು ತಾನು ಇಳಿಸಿಟ್ಟುಕೊಂಡಿದ್ದೇನೆ, ಪುಟದಲ್ಲಿ ಹಾಕಿರುವುದು ಬರೀ ಚೂರು, ಅಕ್ಕ ಒಪ್ಪಿದರೆ ಅದರಿಂದ ಅವರ ಫೋನಿಗೊಂದು ದನಿ ಕಟ್ಟಬಹುದು ಎಂದು ಬರೆದಿದ್ದಳು. ಅತ್ತೆ ಹಲಗೆಯ ಮೇಲೆ "ಬೇಗ" ಎಂದಷ್ಟೇ ಬರೆದಳು.

ಕಟ್ಟೆಯವರು ಸೊಂಟ ಕಟ್ಟಿ ನಿಂತರು. ಜಗಳವಿಲ್ಲದೆ ಅಲ್ಲಿ ಯಾವ ಕೆಲಸವೂ ಆಗುವುದಿಲ್ಲವಾದ್ದರಿಂದ ಯಾವ ಪ್ರೋಗ್ರಾಮು ಒಳ್ಳೆಯದೆಂದು ಮೊದಲು ಜಗಳವಾಡಿದರು, ಆಮೇಲೆ ಕೆಲಸ ಹಂಚಿಕೊಂಡರು. ಪುಟ್ಟಿಗೆ ಒಂದೇ ಚಿಂತೆ. ಬಸ್ ನಿಲ್ದಾಣದಲ್ಲಿ ಯಾರೂ 'ಛೀ' ಅನ್ನುವುದಿಲ್ಲ, ನಮ್ಮತ್ತೆಗೆ ಅದಿಲ್ಲದೆ ದಿನ ಹೋಗುವುದಿಲ್ಲ ಎಂದು ಬರೆದಳು. ಅದನ್ನು ಹುಡುಕುವ ಹೊಣೆಯನ್ನು ಮೂರನೇ ಕಿವಿ ತಾನಾಗಿ ತಲೆಯ ಮೇಲೆ ಹೊತ್ತುಕೊಂಡ. ವಾರವಿಡೀ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತು, ಕೊನೆಗೆ ಪತ್ತೆ ಮಾಡಿದ. ಕಳೆದುಹೋದ ಸಾಮಾನುಗಳ ಪ್ರಕಟಣೆಯಲ್ಲಿ 'ಛತ್ರಿ' ಎಂಬ ಮಾತಿತ್ತು. ಅಲ್ಲಿಂದ 'ಛ', 'ಶ್ರೀಮತಿ'ಯಿಂದ 'ಈ'. ಎರಡನ್ನೂ ಬೆಸೆದು ಕಳಿಸಿದ. ಪುಟ್ಟಿ ಕೇಳಿ ಬೆಚ್ಚಿದಳು. ಚಿಕ್ಕಂದಿನಲ್ಲಿ ಶಾಯಿ ಚೆಲ್ಲಿದಾಗ ಕೇಳಿದ 'ಛೀ' ಅದೇ.

ದನಿ ಸಿದ್ಧವಾಗಿ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಪುಟ್ಟಿ ಅದನ್ನು ಫೋನಿಗೆ ಹಾಕಿ, ಏನಾದರೂ ಬರೆ ಎಂದಳು. ಅತ್ತೆ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಒತ್ತಿ ಮುಗಿಸಿ ಸೀರೆಯ ಸೆರಗು ಸರಿಮಾಡಿಕೊಂಡು, ಮೈಕಿನ ಮುಂದೆ ಕೂತವಳಂತೆ ನೆಟ್ಟಗಾದಳು.

"ದಯವಿಟ್ಟು ಗಮನಿಸಿ. ಹಾಸಿಗೆಯ ಮೇಲೆ ಒದ್ದೆ ಟವೆಲ್ಲು ಬಿಟ್ಟುಹೋದವರು ಕೂಡಲೇ ಬಂದು ತೆಗೆದುಕೊಂಡು ಹೋಗಬೇಕು. ಛೀ."

ದನಿ ಅವಳದೇ. ಆದರೆ ಅದಕ್ಕೆ ಗೊತ್ತಿದ್ದದ್ದು ಪ್ರಕಟಣೆಯ ರಾಗವೊಂದೇ. ಮನೆಯ ಟವೆಲ್ಲೂ ಬಸ್ಸಿನಂತೆಯೇ ಗಂಭೀರವಾಗಿ ಬಂದು ನಿಂತಿತ್ತು. ಪುಟ್ಟಿ ಗೋಡೆಗೆ ಒರಗಿ ನಕ್ಕಳು. ಮಹಡಿಯ ಮೇಲೆ ಕುರ್ಚಿ ಸರಿದ ಸದ್ದಾಯಿತು. ಅಪ್ಪ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದು, ಬಾಗಿಲಲ್ಲಿ ನಿಂತು ಅಕ್ಕನ ಮುಖ ನೋಡಿದ. ಅವನ ಕಣ್ಣು ತುಂಬಿತ್ತು.

"ಬಂದೆ ಅಕ್ಕ, ತೆಗೀತೀನಿ. ಇನ್ನೊಂದ್ಸಲ ಬೈ," ಎಂದ.

ಅತ್ತೆ ಬೈದಳು. ಆ ದಿನ ಮಧ್ಯಾಹ್ನದವರೆಗೂ ಬೈದಳು. ಸೋರುವ ನಲ್ಲಿಗೆ, ಪಕ್ಕದ ಮನೆಯ ಬೆಕ್ಕಿಗೆ, ತಡವಾಗಿ ಏಳುವ ಪುಟ್ಟಿಗೆ, ಯಾರನ್ನೂ ಬಿಡಲಿಲ್ಲ. ರಾಗವನ್ನು ಮನೆಮಾತಿನಂತೆ ತಿದ್ದಿಕೊಡುತ್ತೇವೆ ಎಂದು ಕಟ್ಟೆಯವರು ಹೇಳಿ ಕಳಿಸಿದರೂ ಅವಳು ಬೇಡವೆಂದಳು. ಇದರಲ್ಲಿ ಬೈದರೆ ಜನ ಬೇಗ ಕೇಳುತ್ತಾರೆ ಎಂಬುದು ಅವಳ ಸಮಜಾಯಿಷಿ.

ಮುಂದಿನ ತಿಂಗಳು ಕಟ್ಟೆಯವರು ಮೂವರು ಅವಳನ್ನು ನೋಡಲು ಮನೆಗೇ ಬಂದರು. ತಾಮ್ರತಂತಿ ಲಿಫ್ಟು ರಿಪೇರಿಯ ಹೆಂಗಸು, ಗಟ್ಟಿ ತೋಳಿನವಳು. ಮೂರನೇ ಕಿವಿ ತೆಳ್ಳಗಿನ ಗಣಿತದ ಮೇಷ್ಟ್ರು. ಸದ್ದುಮಾಡಬೇಡಿಯವರು ಮೂವರಲ್ಲೂ ದೊಡ್ಡ ಗಂಟಲಿನವರು. ಮೊದಲು ಮೂವರೂ ಮದುವೆಗೆ ಹೆಣ್ಣು ನೋಡಲು ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕಾಫಿ ಬಂತು. ಅಪ್ಪ ಮಾತಿಗೆ ಮಾತು ಇರಲೆಂದು, ಮೈಕಿನ ಅಗಲಬಾಯಿಯ ಭೋಂಗಾ ತಗಡಿನದು ಒಳ್ಳೆಯದೋ ಪ್ಲಾಸ್ಟಿಕ್ಕಿನದೋ ಎಂದು ಕೇಳಿಬಿಟ್ಟ. ಅಷ್ಟೇ ಸಾಕಾಯಿತು. ಮೂರನೇ ಕಿವಿ ಲೋಟ ಕೆಳಗಿಟ್ಟ, ತಾಮ್ರತಂತಿ ಎದ್ದು ನಿಂತಳು, ಸದ್ದುಮಾಡಬೇಡಿಯವರು ಕೂಗಿದರು. ಅತ್ತೆ ತಾನೂ ಏನೋ ಹೇಳಲು ಬರೆಯುತ್ತಿದ್ದಳು. ಅವಳ ಬೆರಳು ಎಷ್ಟು ಓಡಿದರೂ ಅವರ ನಾಲಗೆಯನ್ನು ಹಿಡಿಯಲಾಗುತ್ತಿರಲಿಲ್ಲ. ಕೊನೆಗೆ ಅಂಗೈಯಿಂದ ಮೇಜನ್ನು ಬಡಿದಳು. ಎಲ್ಲರೂ ಗಪ್‌ಚಿಪ್ಪಾದರು.

"ದಯವಿಟ್ಟು ಗಮನಿಸಿ," ಎಂದಿತು ಫೋನು. "ನೀವು ಮೂವರೂ ಹೇಳ್ತಿರೋದು ತಪ್ಪು. ಮೈಕಿನ ಮುಂದೆ ಕೂತು ಜೀವ ಸವೆಸಿದವಳು ನಾನು. ಈಗ ನಾನು ಹೇಳ್ತೀನಿ, ಕೇಳಿ."

ಮೂವರೂ ಒಂದು ಕ್ಷಣ ಮಕ್ಕಳಂತೆ ಕೇಳಿದರು. ಅತ್ತೆಯ ಎರಡನೆಯ ವಾಕ್ಯಕ್ಕೆ ಮೂರನೇ ಕಿವಿ ಬೆರಳೆತ್ತಿ, "ಆದ್ರೆ ಅಕ್ಕ," ಎಂದು ಶುರುಮಾಡಿದ. ಅತ್ತೆ ಅವನನ್ನು ದುರುಗುಟ್ಟಿ ನೋಡಿ, ಸಂತೋಷದಿಂದ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಉತ್ತರ ಒತ್ತತೊಡಗಿದಳು. ಪುಟ್ಟಿ ಇನ್ನೊಂದು ಸುತ್ತಿನ ಕಾಫಿಗೆ ನೀರಿಟ್ಟಳು.