ಅಪ್ಪನ ಉಸಿರಿಗೆ ಬಿಟ್ಟ ಜಾಗ

ಮುದಿ ಜಾರ್ಜ್ ದೊರೆಯ ಕಾಲ. ಇಂಗ್ಲೆಂಡಿನ ಶ್ರಾಪ್‌ಷೈರ್ ಸೀಮೆಯ ಒಂದು ಪೇಟೆಗೆ ಹೊಸದಾಗಿ ಬಂದ ಪಾದ್ರಿ ಕ್ರಂಪ್ಟನ್, ಚರ್ಚಿನಲ್ಲಿ ಆರ್ಗನ್ ನುಡಿಸುವ ಟ್ಯಾಬಿತಾಳನ್ನು ಕರೆಸಿದರು.

"ಕೀರ್ತನೆಯ ಒಂದೊಂದು ಸಾಲಿಗೂ ನಿಂತು ಅದೇನಮ್ಮ ನಿನ್ನ ಬೆರಳಾಟ? ಮುಗಿಯೋ ಹೊತ್ತಿಗೆ ಮನೇಲಿ ನನ್ನ ಕುರಿಮಾಂಸ ತಣ್ಣಗಾಗಿರುತ್ತೆ. ಈ ಭಾನುವಾರದಿಂದ ನಿಲ್ಲಿಸು."

ದೇವರಿಗಿಂತ ಊಟದ ಮೇಲೆ ಭಕ್ತಿ ಈ ಮನುಷ್ಯನಿಗೆ. ಎಲ್ಲ ಚರ್ಚುಗಳಲ್ಲೂ ಹೀಗೇ ಸಾಲುಗಳ ನಡುವೆ ಹಾಡು ನಿಲ್ಲಿಸಿ ಆರ್ಗನ್ ಮಾತ್ರ ನುಡಿಸುತ್ತಾರೆಂದು ಟ್ಯಾಬಿತಾ ವಾದಿಸಬಹುದಿತ್ತು. ಆದರೆ ಈಚೆಗೆ ಅವಳು ಆ ನಡುವಿನ ತುಣುಕುಗಳನ್ನು ಬೇಕೆಂದೇ ಎಳೆಯುತ್ತಿದ್ದಳು. ಆರ್ಗನ್ ಇದ್ದ ಅಟ್ಟದ ಕೆಳಗೆ ನಿಂತು ಜನರಿಗೆ ಕೀರ್ತನೆ ಎತ್ತಿಕೊಡುವವನು ಅವಳ ಅಪ್ಪ ಆಂಬ್ರೋಸ್. ಅವನಿಗೆ ಉಸಿರು ಸಾಲದಾಗಿತ್ತು. ಆರ್ಗನ್ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಮುದುಕ ಸುಧಾರಿಸಿಕೊಳ್ಳುತ್ತಿದ್ದ. ಇದು ಊರಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ತನ್ನ ಗಂಟಲು ಇನ್ನೂ ಗಟ್ಟಿ ಎಂದು ಹೆಂಡದಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಕೊಚ್ಚಿಕೊಳ್ಳಲಿ ಬಿಡಿ, ಹೆಂಡತಿ ಸತ್ತ ಮೇಲೆ ಅವನಿಗೆ ಉಳಿದದ್ದು ಅದೊಂದೇ.

"ಅಪ್ಪಾ, ನಾಳೆಯಿಂದ ನಡುವೆ ನಿಲ್ಲೋ ಹಾಗಿಲ್ಲ. ಮೆಲ್ಲಗೆ ಹಾಡು, ಸಾಕು" ಎಂದಳು ಶನಿವಾರ.

"ಹೋಗೆ! ನೀನು ತೊಟ್ಟಿಲಲ್ಲಿದ್ದಾಗಿಂದ ಹಾಡ್ತಿದೀನಿ. ನಿನ್ನ ಬೆರಳು ಎಡವದ ಹಾಗೆ ನೋಡ್ಕೋ."

ಭಾನುವಾರ ಮೊದಲ ಸಾಲುಗಳು ಹೇಗೋ ದಾಟಿದವು. ಆಮೇಲೆ ಅಪ್ಪನ ದನಿ ಹರಿದು, ಏದುಸಿರಾಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಈಗ ಆರ್ಗನ್ ನಿಂತರೆ ಆ ಏದುಸಿರು ಚರ್ಚಿಗೆಲ್ಲ ಕೇಳುತ್ತದೆ. ಟ್ಯಾಬಿತಾ ಆರ್ಗನ್ನಿನ ದನಿ ಏರಿಸುವ ಇದ್ದಬದ್ದ ಹಿಡಿಕೆಗಳನ್ನೆಲ್ಲ ಎಳೆದಳು. ದೊಡ್ಡ ಕೊಳವೆಗಳು ಒಟ್ಟಿಗೆ ಮೊಳಗಿದವು. ಅಪ್ಪನ ದನಿ ಅದರಡಿ ಮುಳುಗಿಹೋಯಿತು. ಮತ್ತೆ ಯಾರೂ ನಗಲಿಲ್ಲ.

ಮನೆಯ ದಾರಿಯಲ್ಲಿ ಆಂಬ್ರೋಸ್ ಕೇಳಿದ.

"ಅಷ್ಟು ಜೋರಾಗಿ ನುಡಿಸು ಅಂತ ಪಾದ್ರಿ ಹೇಳಿದ್ರಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹಾಳು ಬಾಯಿಗೆ ಸುಳ್ಳು ಬರಲಿಲ್ಲ.

"ಇಲ್ಲಪ್ಪ. ನಾನೇ."

"ಅಷ್ಟು ಕೆಟ್ಟಿತ್ತಾ, ಮಗಳೇ?"

ಅವಳು ಅವನ ಕೈ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಆಂಬ್ರೋಸ್ ಕೀರ್ತನೆಯ ಸಂಖ್ಯೆ ಕೂಗಿ, ಪುಸ್ತಕ ಹಿಡಿದು ನಿಂತ. ಪಾದ್ರಿ ಏನಾದರೂ ಅಂದುಕೊಳ್ಳಲಿ ಎಂದು ಟ್ಯಾಬಿತಾ ಎಲ್ಲಕ್ಕಿಂತ ಮೆತ್ತನೆಯ ಕೊಳವೆಗಳಲ್ಲಿ, ಸಾಲುಸಾಲಿಗೂ ನಿಂತು, ಕಾದು ನುಡಿಸಿದಳು. ಕೆಳಗೆ ಅಪ್ಪ ತುಟಿ ಮಾತ್ರ ಆಡಿಸುತ್ತಿದ್ದ.