ಪ್ಲಗ್ ಯಾರ ಜೇಬಿನಲ್ಲಿ

ಕಾರಿನ ಹಿಂದಿನ ಸೀಟನ್ನು ಬಿಚ್ಚಿ ಹಜಾರದ ಗೋಡೆಗೆ ಒರಗಿಸಿ ಎರಡು ದಿನವಾಗಿತ್ತು. ನಮ್ಮ ಬೆಕ್ಕು ಅದು ತನಗೇ ತಂದ ಸಿಂಹಾಸನ ಎಂದುಕೊಂಡು ಕಾಲು ಚಾಚಿ ಮಲಗಿತ್ತು. ನನಗೆ ಮಾತ್ರ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು.

ನಮ್ಮ ಮನೆಯವರು ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ನಾನು ಹೆಚ್ಚುಕಡಿಮೆ ಅಷ್ಟೇ ವರ್ಷ ಮೂರನೇ ತರಗತಿಯ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು. ಮನೆಯಲ್ಲೂ ಅವರು ನನ್ನನ್ನು ಕರೆಯುವುದು ಟೀಚರ್ ಎಂದೇ.

ನಮ್ಮದು ಹೈಬ್ರಿಡ್ ಕಾರು. ಪೆಟ್ರೋಲನ್ನೂ ಕುಡಿಯುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ. ಹೋದ ವಾರ ಏರು ಹತ್ತುವಾಗ ಸ್ಟೀರಿಂಗಿನ ಎದುರಿಗೆ ಕೆಂಪು ತ್ರಿಕೋನದ ದೀಪ ಹೊತ್ತಿಕೊಂಡಿತು, ಹಿಂದಿನ ಸೀಟಿನ ಪಕ್ಕದಲ್ಲಿ ಬ್ಯಾಟರಿಗೆ ಗಾಳಿ ಊದುವ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಅರಚಿತು. ಗ್ಯಾರೇಜಿನವನು ಸೀಟು ಎತ್ತಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ, "ಬ್ಯಾಟರಿ ಪೂರ್ತಿ ಹೊಸದು ಹಾಕ್ಬೇಕು" ಎಂದುಬಿಟ್ಟ. ಇವರಿಗೆ ಮೂಗಿನ ತುದಿಯಲ್ಲೇ ಕೋಪ.

"ಒಳಗೆ ಇಪ್ಪತ್ತೆಂಟು ಸೆಲ್ ಇವೆ ಟೀಚರ್. ಒಂದು ಕೆಟ್ಟಿದ್ರೆ ಎಲ್ಲಾನೂ ಬಿಸಾಕೋದಾ? ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ. ನಾನೇ ಬಿಚ್ತೀನಿ."

ಮೂರು ತಿಂಗಳ ಹಿಂದಾಗಿದ್ದರೆ ನಾನು "ಬಿಚ್ಚಿಕೊಳ್ಳಿ" ಎಂದು ನನ್ನ ಪಾಡಿಗೆ ನಾನು ಇರುತ್ತಿದ್ದೆ. ಆದರೆ ಎರಡು ತಿಂಗಳ ಹಿಂದೆ ಒಂದು ದಿನ ಕಾರಿನಲ್ಲಿ ಅಂಗಡಿಗೆ ಹೋದ ಇವರು ಚೀಲ ಹಿಡಿದುಕೊಂಡು ನಡೆದೇ ಮನೆಗೆ ಬಂದರು. ಕಾರೆಲ್ಲಿ ಎಂದರೆ, ಯಾವ ಕಾರು ಎಂದರು. ಮರುಗಳಿಗೆ ತಾವೇ ನಕ್ಕು, ಹೋಗಿ ಕಾರು ತಂದರು. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತುಕೊಂಡೆ. ನಾಲ್ಕು ಬೀದಿ ಆಚೆ ಇರುವ ಮಗಳಿಗೆ ಹೇಳಲಿಲ್ಲ. ಹೇಳಿದರೆ ಆ ಸಂಜೆಯೇ ಅಪ್ಪನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾಳೆ, ಡಾಕ್ಟರು ಯಾವುದೋ ಕಾಯಿಲೆಯ ಹೆಸರು ಹೇಳುತ್ತಾರೆ. ಆ ಹೆಸರನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಈಗ ಅದೇ ಮನುಷ್ಯ ಇನ್ನೂರು ವೋಲ್ಟಿನ ಮುಂದೆ ಮಂಡಿಯೂರಿ ಕೂತಿದ್ದರು.

"ಸ್ವಲ್ಪ ಮೈಮರೆತ್ರೂ ಜೀವ ಹೋಗುತ್ತೆ ಕಣ್ರೀ."

"ಮೈಮರೆಯೋ ಮೆಕ್ಯಾನಿಕ್ ಮೂವತ್ತೊಂದು ವರ್ಷ ಬದುಕಿರಲ್ಲ."

ಬ್ಯಾಟರಿ ಪೆಟ್ಟಿಗೆಯ ಬದಿಯಲ್ಲಿ ಕಿತ್ತಳೆ ಬಣ್ಣದ ಹಿಡಿಯ ಪ್ಲಗ್ ಒಂದಿದೆ. ಅದನ್ನು ಕಿತ್ತರೆ ಬ್ಯಾಟರಿ ಎರಡು ತುಂಡಾದ ಹಾಗೆ. ಅಪಾಯ ಪೂರ್ತಿ ಹೋಗುವುದಿಲ್ಲ, ಆದರೆ ಇನ್ನೂರು ವೋಲ್ಟು ಒಟ್ಟಿಗೆ ಮೇಲೆ ಬೀಳುವುದಿಲ್ಲ. ಇವರು ಅದನ್ನು ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಮೇಲಿಂದ ಎರಡು ಸಲ ತಟ್ಟಿದರು. ಅದು ಲಿಫ್ಟಿನವರ ಕಟ್ಟುಪಾಡು. ಫ್ಯೂಸು ಕಿತ್ತವನ ಜೇಬಿನಲ್ಲೇ ಫ್ಯೂಸು ಇರಬೇಕು, ದೇವರೇ ಬಂದು ಕೇಳಿದರೂ ಕೊಡಕೂಡದು. ಇವರ ಜೊತೆಗಾರನೊಬ್ಬ ಅದನ್ನು ಕಿಟಕಿಯ ಮೇಲಿಟ್ಟ, ಯಾರೋ ಪುಣ್ಯಾತ್ಮ ತಂದು ಹಾಕಿದ, ಎರಡು ಬೆರಳು ಹೋದವು. ಈ ಕತೆಯನ್ನು ನಾನು ನೂರು ಸಲ ಕೇಳಿದ್ದೇನೆ. ಇವರು ದಿನಾ ಊಟಕ್ಕೆ ತಡವಾಗಿ ಬರುತ್ತಿದ್ದದ್ದಕ್ಕೂ ಇಂಥದೇ ಕಾರಣವಿತ್ತು. ಕೆಲಸ ಅರ್ಧವಾಗಿದ್ದರೂ ಸರಿ, ಫ್ಯೂಸು ಹಾಕಿ ಲಿಫ್ಟ್ ಓಡಿಸಿಟ್ಟೇ ಬರಬೇಕು, ಮೇಲಿನ ಮನೆಯ ಮುದುಕರು ಊಟದ ಹೊತ್ತಿನಲ್ಲಿ ಮೆಟ್ಟಿಲು ಹತ್ತಬಾರದು. ಮುದುಕರ ದೆಸೆಯಿಂದ ನಾನು ಬಿಸಿ ಊಟ ಬಡಿಸಿದ್ದೇ ಕಡಿಮೆ.

ಪ್ಲಗ್ ಕಿತ್ತ ಮೇಲೆ ಹತ್ತು ನಿಮಿಷ ಕಾಯಬೇಕಂತೆ, ಒಳಗೆ ಉಳಿದ ವಿದ್ಯುತ್ತು ಇಳಿಯಲು. ಆ ಹತ್ತು ನಿಮಿಷದಲ್ಲಿ ಇವರು ಫ್ಯಾನಿನ ಬಾಯಿಂದ ಬೆಕ್ಕಿನ ಕೂದಲು ಎಳೆದರು. ಒಂದು ದಿಂಬಿಗಾಗುವಷ್ಟು ಬಂತು. ನನ್ನ ಕೈಗೆ ಒಣಗಿದ ಮರದ ಕೋಲು ಕೊಟ್ಟು, "ನಂಗೇನಾದ್ರೂ ಆದ್ರೆ ಮುಟ್ಬೇಡ, ಇದ್ರಲ್ಲಿ ತಳ್ಳು" ಎಂದರು.

ಮದುವೆಯಾಗಿ ನಲವತ್ತು ವರ್ಷಕ್ಕೆ ಗಂಡನನ್ನು ಕೋಲಿನಲ್ಲಿ ತಿವಿಯುವ ಅಪ್ಪಣೆ ಸಿಕ್ಕಿತು. ಬೇರೆ ದಿನವಾಗಿದ್ದರೆ ಬಾಯಿಬಿಟ್ಟು ಹೇಳಿ ನಗುತ್ತಿದ್ದೆ.

ಆಮೇಲೆ ಸೆಲ್ಲುಗಳ ಹಾಜರಿ. ನಾನು ನಂಬರು ಕೂಗಿದೆ, ಇವರು ಕನ್ನಡಕ ಹಾಕಿಕೊಂಡು ಮೀಟರಿನ ಎರಡು ಮೊನೆ ತಾಗಿಸಿ ಲೆಕ್ಕ ಹೇಳಿದರು. ಒಂದು, ಏಳು ಪಾಯಿಂಟ್ ಎಂಟು. ಎರಡು, ಏಳು ಪಾಯಿಂಟ್ ಎಂಟು. ಎಲ್ಲರೂ ಜಾಣ ಮಕ್ಕಳು. ಹತ್ತೊಂಬತ್ತಕ್ಕೆ ಬಂದಾಗ ಇವರು ಮೊನೆ ತೆಗೆದು ಮತ್ತೆ ತಾಗಿಸಿದರು. "ಆರೂವರೆ" ಎಂದರು ಮೆಲ್ಲಗೆ. "ಸಿಕ್ಕಿದ ನೋಡು ಕಳ್ಳ." ಮುಖ ಅರಳಿತು. ಆ ಮುಖ ನೋಡಿ ನನಗೂ ಸ್ವಲ್ಪ ಹಗುರಾಯಿತು. ತಲೆ ಸರಿಯಾಗಿಯೇ ಇದೆ, ನಾನೇ ಹಗ್ಗವನ್ನು ಹಾವು ಮಾಡಿಕೊಂಡೆ ಎನ್ನಿಸಿತು.

"ಟೀ ಕುಡಿದು ಬಿಚ್ಚೋಣ" ಎಂದರು. ನಾನು ಟೀ ಇಡಲು ಮೊದಲು ಒಳಗೆ ಹೋದೆ, ಇವರು ಕೈ ಒರೆಸಿಕೊಂಡು ಹಿಂದಿನಿಂದ ಬಂದರು. ಕುಡಿದು ಮೊದಲು ಎದ್ದವರೂ ಇವರೇ.

ನಾನು ಲೋಟ ತೊಳೆದು ಹೊರಗೆ ಬಂದಾಗ ಸ್ಪ್ಯಾನರ್ ಹಿಡಿದು ಬಗ್ಗಿದ್ದರು. ರಬ್ಬರ್ ಕೈಗವಸು ಪಕ್ಕದಲ್ಲಿ ಬಿದ್ದಿತ್ತು.

"ಕೈಗವಸು ಯಾಕ್ರೀ ಹಾಕಿಲ್ಲ?"

"ನಟ್ಟು ಚಿಕ್ಕದು, ಅದ್ರಲ್ಲಿ ಗೊತ್ತಾಗಲ್ಲ."

ಆಗ ನನ್ನ ಕಣ್ಣು ಪೆಟ್ಟಿಗೆಯ ಬದಿಗೆ ಹೋಯಿತು. ಏನೋ ಕಿತ್ತಳೆ ಬಣ್ಣ. ಒಳಗಿನ ದಪ್ಪ ವೈರುಗಳೂ ಅದೇ ಬಣ್ಣದವು, ಅದೇ ಇರಬೇಕು ಎಂದುಕೊಂಡೆ. ಆದರೂ ಕೇಳಿದೆ.

"ಪ್ಲಗ್ ಎಲ್ಲಿ?"

"ಜೇಬಲ್ಲಿ." ತಲೆ ಎತ್ತಲಿಲ್ಲ.

"ತೋರ್ಸಿ."

"ಒಂದ್ಸಲ ಹೇಳಿದ್ನಲ್ಲ. ಕೆಲಸದ ಮಧ್ಯೆ ಪಿರಿಪಿರಿ ಮಾಡ್ಬೇಡ." ಸ್ಪ್ಯಾನರ್ ನಟ್ಟಿನತ್ತ ಇಳಿಯುತ್ತಿತ್ತು. ಇನ್ನು ನಾಲ್ಕು ಬೆರಳು ದೂರ.

ನನಗೆ ಬೇರೆ ದಾರಿ ತೋಚಲಿಲ್ಲ. ಮೂವತ್ತು ವರ್ಷ ಕಡೆಯ ಬೆಂಚಿನವರೆಗೂ ಮುಟ್ಟಿಸಿದ ಗಂಟಲಿನಲ್ಲಿ ಕೂಗಿದೆ.

"ಎದ್ದು ನಿಂತ್ಕೊಳ್ಳಿ!"

ಇವರು ದಡಕ್ಕನೆ ಎದ್ದರು. ಸ್ಪ್ಯಾನರ್ ನೆಲಕ್ಕೆ ಬಿತ್ತು. ಸಿಟ್ಟಿನಲ್ಲಿ ಜೇಬು ತಟ್ಟಿ ತೋರಿಸಿದರು. ಜೇಬು ಉಬ್ಬಿಕೊಂಡೇ ಇತ್ತು. ಕೈ ಹಾಕಿ ತೆಗೆದರು. ಕನ್ನಡಕದ ಡಬ್ಬಿ.

ಇನ್ನೊಂದು ಜೇಬು ನೋಡಿದರು. ಅಂಗಿಯ ಜೇಬು ನೋಡಿದರು. ಆಮೇಲೆ ಪೆಟ್ಟಿಗೆಯ ಬದಿಗೆ ನೋಡಿದರು. ಪ್ಲಗ್ ತನ್ನ ಜಾಗದಲ್ಲಿ, ಹಿಡಿ ಮಡಚಿ, ಅಚ್ಚುಕಟ್ಟಾಗಿ ಕೂತಿತ್ತು.

ಅವರಿಗೆ ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ಕೋಲನ್ನು ಎದೆಗೆ ಒತ್ತಿಕೊಂಡು ನಿಂತೆ. ಇವರು ಕಾರಿನ ಹೊಸ್ತಿಲ ಮೇಲೆ ಕುಸಿದು ಕೂತರು.

"ನಾನೇ ಹಾಕಿದ್ದು" ಎಂದರು. "ಟೀಗೆ ಬರೋವಾಗ. ಮೇಲಿನ ಮನೇವ್ರು ಕಾಯ್ತಿರ್ತಾರೆ ಅನ್ನಿಸ್ತು ಟೀಚರ್. ಲಿಫ್ಟ್ ಓಡ್ಸಿಟ್ಟು ಬಂದೆ."

ನಾನು ಪಕ್ಕದಲ್ಲಿ ಕೂತೆ. ನಮ್ಮ ಮನೆಗೆ ಮೇಲೊಂದು ಮನೆಯೇ ಇಲ್ಲ.

"ಕಾರು ಮರೆತು ಬಂದೆನಲ್ಲ, ಅದೊಂದೇ ಅಲ್ಲ" ಎಂದರು. "ಇನ್ನೂ ಇವೆ. ನಿನಗೆ ಹೇಳಿಲ್ಲ."

"ನಂಗೂ ಗೊತ್ತಿತ್ತು. ನಿಮಗೆ ಹೇಳಿಲ್ಲ."

ಇವರು ಎದ್ದು ಕೈಗವಸು ಹಾಕಿಕೊಂಡರು. ಪ್ಲಗ್ ಕಿತ್ತು ಒಂದು ಗಳಿಗೆ ಅಂಗೈಯಲ್ಲಿಟ್ಟು ನೋಡಿದರು. ಆಮೇಲೆ ನನ್ನತ್ತ ಚಾಚಿದರು. ದೇವರು ಕೇಳಿದರೂ ಕೊಡದ ಮನುಷ್ಯ, ನಾನು ಕೇಳುವ ಮುಂಚೆಯೇ ಕೊಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಇವರು ನೋಡದವರಂತೆ ಗಡಿಯಾರ ನೋಡಿದರು.

"ಇನ್ನೊಂದ್ಸಲ ಹತ್ತು ನಿಮಿಷ. ನೀನೇ ಎಣಿಸು."

ಎಣಿಸಿದೆ. ಗುಜರಿ ಅಂಗಡಿಯಿಂದ ತಂದು ಉಳಿದವುಗಳ ಸಮಕ್ಕೆ ಚಾರ್ಜ್ ಮಾಡಿಟ್ಟಿದ್ದ ಸೆಲ್ಲನ್ನು ಹತ್ತೊಂಬತ್ತರ ಜಾಗದಲ್ಲಿ ಕೂರಿಸಿದರು. ಪ್ರತಿ ನಟ್ಟಿಗೂ ನಾನು ನಂಬರು ಕೂಗಿದೆ, ಪ್ರತಿ ನಂಬರಿಗೂ ಇವರು ಹ್ಞೂಂಗುಟ್ಟಿದರು. ಕೆಲಸದಲ್ಲಿ ಒಂದು ಕುಂದೂ ಇರಲಿಲ್ಲ. ಆ ಬೆರಳುಗಳಿಗೆ ಎಲ್ಲವೂ ನೆನಪಿತ್ತು.

ಕೊನೆಗೆ ಮುಚ್ಚಳ ಬಿಗಿದು, "ಪ್ಲಗ್" ಎಂದು ಕೈ ನೀಡಿದರು. ಕೊಟ್ಟೆ. ಕಾರು ಶುರುವಾಯಿತು. ಎದುರಿನ ದೀಪಗಳೆಲ್ಲ ಒಮ್ಮೆ ಹೊತ್ತಿ ಆರಿದವು. ಕೆಂಪು ತ್ರಿಕೋನವೂ ಆರಿತು, ಮತ್ತೆ ಹೊತ್ತಲಿಲ್ಲ. ಬೆಕ್ಕನ್ನು ಎಬ್ಬಿಸಿ ಸೀಟನ್ನು ಹಾಕಿದೆವು.

ಇವರು ಮುಂದೆ ಬಂದು ಸ್ಟೀರಿಂಗಿನ ಕಡೆಯ ಬಾಗಿಲು ತೆರೆದರು, ಕೂರಲಿಲ್ಲ. ಸುತ್ತು ಹಾಕಿ ಬಂದು ಪಕ್ಕದ ಸೀಟಿನಲ್ಲಿ ಕೂತರು.

"ನೀನು ಓಡ್ಸು. ಮಗಳ ಮನೆಗೆ ಹೋಗೋಣ."

"ಈಗ್ಲಾ?"

"ಈಗ್ಲೇ. ಅವಳಿಗೆ ನೀನೇನೂ ಹೇಳ್ಬೇಡ, ನಾನೇ ಹೇಳ್ತೀನಿ." ಬೆಲ್ಟ್ ಹಾಕಿಕೊಂಡರು. ನಾನು ಗೇಟು ದಾಟಿಸಿ ಬೀದಿಗೆ ತಿರುಗಿಸಿದೆ. ಇವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು, "ಅಲ್ಲಿ ಹೋಗೋಷ್ಟರಲ್ಲಿ ಮರೆತಿದ್ರೆ ನೆನಪು ಮಾಡು."