ನಮ್ಮವರ ಮಾತು ಬಂದಾಗ

ಎಲ್ಲರ ಕೈಗಳೂ ಮೇಲೆದ್ದವು. ಕಡೆಗೆ ಅಧ್ಯಕ್ಷ ರಾವಸಾಹೇಬನೂ ಹುಳಿ ಮಜ್ಜಿಗೆ ಕುಡಿದವರ ಮುಖ ಮಾಡಿಕೊಂಡು ಕೈ ಎತ್ತಿದ. ಪಂಚಾಯಿತಿ ಸದಸ್ಯ ಶೆಟ್ಟೆಪ್ಪ ಹೆಗಲ ಮೇಲಿನ ಟವೆಲ್ ಕೊಡವಿ ಮತ್ತೆ ಹಾಕಿಕೊಂಡ. ಗೆದ್ದಾಗಲೆಲ್ಲ ಅವನು ಮಾಡುವುದೇ ಹಾಗೆ.

ಪಂಚಾಯಿತಿ ಸದಸ್ಯರು ಹೇಗೆ ನಡೆದುಕೊಳ್ಳಬೇಕೆಂಬ ನಿಯಮಗಳು ಗೋಡೆಯ ಮೇಲೆ ಚೌಕಟ್ಟಿನಲ್ಲಿ ಮೊದಲಿನಿಂದಲೂ ಇದ್ದವು. ಅವುಗಳ ಹತ್ತಿರ ಸುಳಿಯುತ್ತಿದ್ದುದು ಹಲ್ಲಿಗಳು ಮಾತ್ರ. ಗಟಾರದ ಕೆಲಸವನ್ನು ರಾವಸಾಹೇಬ ತನ್ನ ಅಳಿಯನಿಗೇ ಕೊಡಿಸಿದಾಗ ಶೆಟ್ಟೆಪ್ಪನಿಗೆ ರೇಗಿತು. ಮೂಡಲಗಿಯ ತರಬೇತಿಯಲ್ಲಿ ಕೇಳಿದ್ದನ್ನು ಹಿಡಿದುಕೊಂಡು ಮನೆಮನೆ ತಿರುಗಿದ, ಸದಸ್ಯರ ತಲೆ ತಿಂದ, ಹೊಸ ನಿಯಮವೊಂದನ್ನು ಸೇರಿಸುವ ತನಕ ಬಿಡಲಿಲ್ಲ. ತನ್ನ ಮನೆಯವರ, ಮಕ್ಕಳ, ಅಳಿಯಂದಿರ ವಿಷಯ ಸಭೆಗೆ ಬಂದರೆ ಸದಸ್ಯನು ಸಂಬಂಧವನ್ನು ಬಾಯಿಬಿಟ್ಟು ಹೇಳಿ ಎದ್ದು ಹೊರಗೆ ಹೋಗಬೇಕು. ಕೈ ಎತ್ತುವಂತಿಲ್ಲ.

"ಯಾವಾಗಿಂದ ಜಾರಿ?" ಎಂದ ರಾವಸಾಹೇಬ.

"ಈಗಿಂದನ ಜಾರಿ. ನಾಳೆ ಅಂದ್ರ ನೀವು ಇನ್ನೊಂದು ಗಟಾರ ಕಟ್ಟಿಸಾವ್ರು," ಎಂದ ಶೆಟ್ಟೆಪ್ಪ.

ಸಭೆ ಘೊಳ್ಳೆಂದು ನಕ್ಕಿತು. ಕಿಟಕಿಯಾಚೆ ಬೇವಿನ ಮರದ ಕೆಳಗೆ ಉದ್ದವ್ವ ಮೆಂತೆ, ಕೊತ್ತಂಬರಿ ಎಂದು ಕೂಗುತ್ತಿದ್ದಳು.

ಈ ಉದ್ದವ್ವನ ಕಾಟ ಶೆಟ್ಟೆಪ್ಪನಿಗೆ ನಾಲ್ಕು ವರ್ಷದ್ದು. ಬುದ್ಧ ವಿಹಾರದ ಓಣಿಯ ಅವಳ ಮಗ ಕಿಶೋರನನ್ನು ಇವನ ಒಬ್ಬಳೇ ಮಗಳು ನಾಗರತ್ನಾ ಗೋಕಾಕಕ್ಕೆ ಹೋಗಿ ರಿಜಿಸ್ಟರ್ ಮದುವೆಯಾಗಿದ್ದಳು. ಶೆಟ್ಟೆಪ್ಪ ಕುರುಬರ ಓಣಿಯ ಹಿರಿಯರನ್ನು ಕೂಡಿಸಿ, ಮಗಳು ಸತ್ತಳೆಂದು ಹೇಳಿ, ತಲೆಯ ಮೇಲೆ ಒಂದು ಕೊಡ ನೀರು ಸುರಿದುಕೊಂಡಿದ್ದ. ಅದಾದ ಮೇಲೆ ದಾರಿಯಲ್ಲಿ ಕಂಡಾಗಲೆಲ್ಲ ಉದ್ದವ್ವ ಊರಿಗೇ ಕೇಳುವಂತೆ ಕೂಗುವಳು: "ಏನ್ರಿ ಬೀಗರ, ಆರಾಮ ಅದೀರಿಲ್ಲೊ?" ಶೆಟ್ಟೆಪ್ಪ ಬಾರದ ಫೋನನ್ನು ಕಿವಿಗೆ ಹಿಡಿದು ಸರಸರ ನಡೆದುಬಿಡುವನು. ಅವಳೇನು ಬಿಡುವವಳೇ? "ಬೀಗರ, ಮೊಮ್ಮಗಳಿಗೆ ಹಲ್ಲ ಬಂದಾವು!" ಎಂದು ಬೆನ್ನಿಗೇ ಕೂಗುವಳು. ಆಗ ಮಾತ್ರ ಅವನ ಹೆಜ್ಜೆ ನಿಧಾನವಾಗುತ್ತಿತ್ತು. ಮಗಳ ಸುದ್ದಿ ಅವನಿಗೆ ತಲುಪುತ್ತಿದ್ದದ್ದು ಅದೊಂದೇ ದಾರಿಯಿಂದ.

"ಮುಂದಿನ ವಿಷಯ," ಎಂದಳು ಪಿಡಿಓ ಸಪ್ನಾ. ಹುಕ್ಕೇರಿಯಿಂದ ವರ್ಗವಾಗಿ ಮೊನ್ನೆಯಷ್ಟೇ ಬಂದವಳು, ಊರಿನ ಒಳಸುಳಿ ತಿಳಿಯದವಳು. "ವಸತಿ ಯೋಜನ್ಯಾಗ ಉಳಿದಿದ್ದು ಒಂದ ಮನಿ. ಅರ್ಜಿ ಎರಡು ಅದಾವು. ಒಂದು ಸೋಮಶೇಖರ ಅವರದು. ಇನ್ನೊಂದು ನಾಗರತ್ನಾ ಕಿಶೋರ ಅವರದು."

ಸೋಮಶೇಖರ ರಾವಸಾಹೇಬನ ಬಾಲ, ಆಗಲೇ ಆರ್‌ಸಿಸಿ ಮನೆಯಲ್ಲಿ ಇರುವವನು. ನಾಗರತ್ನಾ ಇರುವುದು ಮಳೆ ಬಂದರೆ ಒಳಗೇ ಸೋರುವ ತಗಡಿನ ಶೆಡ್ಡಿನಲ್ಲಿ. ಶೆಟ್ಟೆಪ್ಪ ಯಾರಿಗೂ ತಿಳಿಯದಂತೆ ಕೈಗಳ ಲೆಕ್ಕ ಹಾಕಿಕೊಂಡೇ ಬಂದಿದ್ದ. ತನ್ನದೂ ಸೇರಿದರೆ ಮನೆ ಮಗಳಿಗೆ. ತನ್ನದು ತಪ್ಪಿದರೆ ಎರಡೂ ಕಡೆ ಸಮ, ಆಗ ಅಧ್ಯಕ್ಷನ ಮಾತೇ ಕೊನೆ. ಆ ಲೆಕ್ಕದಲ್ಲಿ ತನ್ನದೇ ಹೊಸ ನಿಯಮ ಅವನಿಗೆ ಅಡ್ಡ ಬಂದಿರಲಿಲ್ಲ. ಸತ್ತಳೆಂದು ನೀರು ಸುರಿದುಕೊಂಡವನಿಗೆ ಅದು ಹೊಳೆಯುವುದಾದರೂ ಹೇಗೆ?

"ಅರ್ಜಿ ಹಾಕಿದವರು ಯಾರಿಗಾದ್ರೂ ಸಂಬಂಧ ಆಗಬೇಕೇನ್ರಿ?" ಸಪ್ನಾ ಕೇಳಿದಳು.

ಕೆಲವರು ಫ್ಯಾನು ನೋಡಿದರು, ಕೆಲವರು ಉಗುರು ನೋಡಿಕೊಂಡರು. ರಾವಸಾಹೇಬ ಮೀಸೆಯಲ್ಲೇ ನಕ್ಕ. "ಶೆಟ್ಟೆಪ್ಪಣ್ಣಾ, ಮೇಡಂ ಕೇಳಾಕತ್ತಾರ. ನಿಯಮ ನಿಂದ ಐತಿ, ನೀನ ಹೇಳು."

ಹೊರಗೆ ಉದ್ದವ್ವನ ಕೂಗು ನಿಂತಿತ್ತು. ಕಿಟಕಿಯ ಸರಳುಗಳಾಚೆ ಅವಳ ಪಕ್ಕದಲ್ಲಿ ನಾಗರತ್ನಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುವುದು ಶೆಟ್ಟೆಪ್ಪನಿಗೆ ಕಂಡಿತು. ಮಗಳು ಅಂದುಬಿಟ್ಟರೆ ಏಳಬೇಕು. ಎದ್ದರೆ ಅವಳ ಮನೆ ಹೋಯಿತು. ಓಣಿಯ ಹಿರಿಯರ ಮುಖವೂ ಕಣ್ಣ ಮುಂದೆ ಬಂದು ಹೋಯಿತು.

"ನನಗ ಮಗಳ ಇಲ್ರಿ," ಎಂದ. "ಸತ್ತ ನಾಕ ವರ್ಸ ಆತು. ನೀರ ಹಾಕ್ಕೊಂಡಾಗ ಅಧ್ಯಕ್ಷರೂ ಅಲ್ಲೇ ಇದ್ರು, ಕೇಳ್ರಿ ಬೇಕಾದ್ರ."

ರಾವಸಾಹೇಬ ಮೀಸೆಯ ನಗು ನುಂಗಿ, ಮುಂದುವರಿಸಿ ಎಂದು ಸಪ್ನಾಗೆ ಕೈಸನ್ನೆ ಮಾಡಿದ. ಹೌದು, ಅಂದು ಅಲ್ಲಿದ್ದವನೇ ಅವನು. ಕೈಗಳು ಎದ್ದವು. ಶೆಟ್ಟೆಪ್ಪನದೂ ಎದ್ದಿತು. ಮನೆ ನಾಗರತ್ನಾಳದಾಯಿತು.

ಟವೆಲ್ ಕೊಡವುವುದು ಅವನಿಗೆ ನೆನಪಾಗಲಿಲ್ಲ. ಆ ಮಾತು ಎಷ್ಟು ಸಲೀಸಾಗಿ ಬಂತಲ್ಲ! ಅವಳ ಮನೆಗಾಗಿ ಹೇಳಿದೆನೋ, ನನ್ನ ಮಾನಕ್ಕಾಗಿ ಹೇಳಿದೆನೋ? ಮನೆಗಾಗಿ, ಮನೆಗಾಗಿಯೇ ಎಂದು ಮೆಟ್ಟಿಲಿಳಿಯುವ ತನಕ ತನಗೆ ತಾನೇ ಹೇಳಿಕೊಂಡ.

ನಾಗರತ್ನಾ ಕೂಸನ್ನು ಎತ್ತಿಕೊಂಡು ಆಗಲೇ ಹೊರಟಿದ್ದಳು. ತಿರುಗಿ ನೋಡಲಿಲ್ಲ. ಉದ್ದವ್ವ ಎದ್ದು ನಿಂತು ಎರಡೂ ಕೈ ಜೋಡಿಸಿದಳು.

"ಉಪಕಾರ ಆತ್ರಿ, ಮೆಂಬರ್ ಸಾಹೇಬ್ರ."

ಬೀಗರ ಅನ್ನಲಿಲ್ಲ; ಒಳಗಿನ ಮಾತು ಕಿಟಕಿಯಾಚೆಗೂ ಕೇಳಿಸಿತ್ತು. ಮರುದಿನ ಬೇವಿನ ಮರದ ಮುಂದೆ ಬೇಕೆಂದೇ ನಿಧಾನವಾಗಿ ನಡೆದ. "ನಮಸ್ಕಾರ್ರಿ," ಎಂದು ಉದ್ದವ್ವ ತಗ್ಗಿದ ದನಿಯಲ್ಲಿ ಹೇಳಿ, ಸೊಪ್ಪಿಗೆ ನೀರು ಚಿಮುಕಿಸತೊಡಗಿದಳು. ಅದರ ಮರುದಿನವೂ ಅಷ್ಟೇ. ಯಾರೂ ಮಾಡದ ತಪ್ಪನ್ನು ಮಾಡಿಲ್ಲ, ಮಗಳಿಗೆ ಸೂರು ಕೊಡಿಸಿದ್ದೇನೆ ಎಂದು ಎಷ್ಟು ಸಮಾಧಾನ ಮಾಡಿಕೊಂಡರೂ ಕಾಲುಗಳು ಬೇವಿನ ಮರದ ಕಡೆಗೇ ಎಳೆಯುತ್ತಿದ್ದವು.

ವಾರ ಕಳೆಯುವುದರೊಳಗೆ ಅವನು ಅವಳ ಬುಟ್ಟಿಯ ಮುಂದೆ ಬಂದು ನಿಂತೇಬಿಟ್ಟ. ಹೊಲದಲ್ಲಿ ಮಡಿಗಟ್ಟಲೆ ಮೆಂತೆ ಬೆಳೆದವನು ಒಂದು ಸೂಡು ಮೆಂತೆ ಕೇಳಿದ. ಅವಳು ನೀರಲ್ಲಿ ಅದ್ದಿ ತೆಗೆದ ಸೂಡೊಂದನ್ನು ಕೊಟ್ಟಳು. ಅವನು ಹೋಗಲಿಲ್ಲ. ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು ಕೇಳಿದ:

"ಆರಾಮ ಅದಾರೇನ್ರಿ?"

ಉದ್ದವ್ವ ತಲೆ ಎತ್ತಿ ಅವನನ್ನೇ ನೋಡಿದಳು.

"ಯಾರ್ರಿ?" ಎಂದಳು.

ಶೆಟ್ಟೆಪ್ಪ ಬಾಯಿ ತೆರೆದ. ಹಿಂದೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿ ದಾಟಿ ಹೋದರು. ಅವನು ಅಲ್ಲೇ ನಿಂತಿದ್ದ. ಕೈಯಲ್ಲಿದ್ದ ಮೆಂತೆಯಿಂದ ನೀರು ತೊಟ್ಟಿಕ್ಕಿ ಅವನ ಪಾದಗಳ ಮೇಲೆ ಬೀಳುತ್ತಿತ್ತು.